ರೆಕಾರ್ಡಿಂಗ್ ತಂತ್ರಾಂಶ ಬದಲಿಸುವ ಮುನ್ನ ಹಾಡನ್ನು ಹೊರಗೆ ತನ್ನಿ

2017ರ ನವೆಂಬರ್‌ನಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ತಂತ್ರಾಂಶದ ಕೆಲಸ ನಿಲ್ಲಿಸುವುದಾಗಿ ಹೇಳಿತು. 1987ರಿಂದ ಇದ್ದ ಹೆಸರು ಅದು. ಮೂರು ತಿಂಗಳಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಳಿಸಿತು. 2002ರಲ್ಲಿ ಲಾಜಿಕ್ ಆ್ಯಪಲ್ ಪಾಲಾದಾಗ ವಿಂಡೋಸ್ ಬಳಕೆದಾರರನ್ನು ಉಳಿಸುವವರು ಯಾರೂ ಬರಲಿಲ್ಲ. ಆಮೇಲೆ ಲಾಜಿಕ್ ಮ್ಯಾಕ್‌ಗೆ ಮಾತ್ರ ಸೀಮಿತವಾಯಿತು. ನೀವಾಗಿ ಬದಲಿಸದಿದ್ದರೂ ಬದಲಾವಣೆ ಒಂದು ದಿನ ಬಾಗಿಲಿಗೆ ಬರಬಹುದು. ಪ್ರಾಜೆಕ್ಟ್ ಫೈಲ್ ತೆರೆಯಲು ಆ ತಂತ್ರಾಂಶವೇ ಬೇಕು. ವೇವ್ ಫೈಲನ್ನಾದರೆ ಎಲ್ಲಿ ಬೇಕಾದರೂ ತೆರೆಯಬಹುದು. ಈ ಲೇಖನದ ಹೆಜ್ಜೆಗಳೆಲ್ಲ ಇದೊಂದನ್ನೇ ನೆಚ್ಚಿಕೊಂಡಿವೆ.

ನಿಜವಾಗಿಯೂ ಬದಲಿಸಬೇಕೇ ಎಂಬುದನ್ನು ಮೊದಲು ನೋಡಿ. ಹಾಡುವಾಗ ಹೆಡ್‌ಫೋನ್‌ನಲ್ಲಿ ದನಿ ತಡವಾಗಿ ಕೇಳುತ್ತಿದ್ದರೆ ದೋಷ ಸಾಮಾನ್ಯವಾಗಿ ಆಡಿಯೊ ಇಂಟರ್‌ಫೇಸ್‌ನ ಡ್ರೈವರಿನದು, ಇಲ್ಲವೇ ಬಫರ್ ಅಳತೆಯದು. ತಂತ್ರಾಂಶ ಬದಲಿಸಿದರೂ ಅದು ಹಿಂದೆಯೇ ಬರುತ್ತದೆ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರದ್ದೇ ಆಸಿಯೊ ಡ್ರೈವರ್ ಹಾಕಿ, ಹಾಡುವಾಗ ಬಫರನ್ನು 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಹೈದರಾಬಾದಿನಲ್ಲಿ ಕೂತು ಹಾಡು ಮಾಡುವವರು ಮುಂದಿನ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು: ನಿಮ್ಮ ಫೈಲ್ ಇಲ್ಲಿಂದ ಯಾರ ಕೈಗೆ ಹೋಗುತ್ತದೆ? ಇದು ಒಂದು ರಾಗಕ್ಕೆ ಹಲವು ಭಾಷೆಯ ಸಾಹಿತ್ಯ ಕೂರಿಸುವ ಊರು. ಕೀರವಾಣಿಯವರ 'ನಾಟು ನಾಟು' 2023ರಲ್ಲಿ ಆಸ್ಕರ್ ಪಡೆಯಿತು; ಕನ್ನಡದಲ್ಲಿ ಅದೇ 'ಹಳ್ಳಿ ನಾಟು'. ಇಂಥ ಕೆಲಸದಲ್ಲಿ ಟ್ರ್ಯಾಕುಗಳು ಸ್ಟುಡಿಯೊದಿಂದ ಸ್ಟುಡಿಯೊಗೆ ಓಡಾಡುತ್ತಲೇ ಇರುತ್ತವೆ. ಸಿನಿಮಾ ಧ್ವನಿಯ ಕೆಲಸದಲ್ಲಿ ಪ್ರೊ ಟೂಲ್ಸ್ ಮತ್ತು ನ್ಯುಯೆಂಡೊ ಬಳಕೆ ಹೆಚ್ಚು. ದಿನವೂ ಅಂಥ ಸ್ಟುಡಿಯೊ ಜೊತೆ ಸೆಷನ್ ಹಂಚಿಕೊಳ್ಳುವವರು ಅಲ್ಲಿರುವುದನ್ನೇ ಕಲಿಯುವುದು ಜಾಣತನ. ಕಾಚಿಗುಡದ ಮನೆಯಲ್ಲಿ ದೇವರನಾಮ, ಭಾವಗೀತೆ ರೆಕಾರ್ಡ್ ಮಾಡಿ ಮುಗಿದ ಹಾಡನ್ನಷ್ಟೇ ಕಳಿಸುವವರಿಗೆ ಆ ಹಂಗಿಲ್ಲ. ಅವರಿಗೆ ನಾನು ಹೇಳುವುದು ರೀಪರ್. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಮನೆ ಬಳಕೆಯ ಮತ್ತು ಸಣ್ಣ ಆದಾಯದವರ ಪರವಾನಗಿಗೆ 60 ಡಾಲರ್. ನೋಡಲು ಚೆಲುವೇನಲ್ಲ, ಆದರೆ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಪ್ಲಗಿನ್‌ಗಳ ಪಟ್ಟಿಯನ್ನು ಆಯ್ಕೆಗೆ ಮುಂಚೆಯೇ ಮಾಡಿ. ಲಾಜಿಕ್ ಎಯು ಮಾದರಿಯವನ್ನು ಮಾತ್ರ ಒಪ್ಪುತ್ತದೆ, ಪ್ರೊ ಟೂಲ್ಸ್ ಎಎಎಕ್ಸ್ ಮಾತ್ರ. ವಿಎಸ್‌ಟಿಯಲ್ಲಷ್ಟೇ ಸಿಗುವ ನಿಮ್ಮ ಮೆಚ್ಚಿನ ತಬಲಾ ಪ್ಲಗಿನ್ ಇವೆರಡರಲ್ಲೂ ನೇರವಾಗಿ ತೆರೆಯುವುದಿಲ್ಲ. ಇನ್ನೊಂದು ಮಾತು: ಅರ್ಧಕ್ಕೆ ನಿಂತ ಹಾಡು, ಕೊಡಬೇಕಾದ ದಿನ ಗೊತ್ತಾಗಿರುವ ಹಾಡು, ಇವನ್ನು ಹಳೆಯದರಲ್ಲೇ ಮುಗಿಸಿ.

ಈಗ ಮುಖ್ಯ ಕೆಲಸ, ಹಳೆಯ ಹಾಡುಗಳನ್ನು ಹೊರತೆಗೆಯುವುದು. ಇದಕ್ಕೆ ಅವಸರ ಬೇಡ.

ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದಲೇ, ಮುಂದಿನ ಮೌನವನ್ನೂ ಸೇರಿಸಿ, ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಕೊಳಲು ಎರಡನೇ ಚರಣದಲ್ಲಷ್ಟೇ ಬಂದರೂ ಅದರ ಫೈಲ್ ಹಾಡಿನ ಮೊದಲಿನಿಂದಲೇ ಶುರುವಾಗಲಿ. ಆಗ ಹೊಸ ಕಡೆ ಎಲ್ಲವನ್ನೂ ಒಂದೇ ಗೆರೆಗೆ ಎಳೆದಿಟ್ಟರೆ ಸಾಕು, ತಾಳ ಕೂಡಿಕೊಳ್ಳುತ್ತದೆ. ಕ್ಲಿಕ್ ಇಲ್ಲದೆ ಹಾಡಿದ ಆಲಾಪವನ್ನು ಬೇರೆ ಯಾವ ಗುರುತಿನಿಂದಲೂ ಕೂರಿಸಲಾಗದು. ಒಮ್ಮೆ ಎಫೆಕ್ಟ್ ಸಮೇತ, ಇನ್ನೊಮ್ಮೆ ಎಫೆಕ್ಟ್ ಇಲ್ಲದೆ, ಎರಡು ಫೋಲ್ಡರ್ ಮಾಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ನಿಮಿಷದ 40 ಮೊನೊ ಟ್ರ್ಯಾಕುಗಳಿಗೆ ಸುಮಾರು 1.4 ಜಿಬಿ ಬೇಕು. ಸಿಕಂದರಾಬಾದ್ ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಒಂದು ಎಕ್ಸ್‌ಟರ್ನಲ್ ಡ್ರೈವ್ ಕೊಂಡರೆ ವರ್ಷಗಳ ಕೆಲಸ ಅದರಲ್ಲಿ ಅಡಗುತ್ತದೆ. ಎರಡು ಕೊಂಡರೆ ಇನ್ನೂ ಒಳ್ಳೆಯದು.

ಸ್ಯಾಂಪಲ್ ರೇಟ್ ಮೂಲದಲ್ಲಿ ಇದ್ದಂತೆಯೇ ಇರಲಿ. 44.1ರ ಫೈಲನ್ನು 48ರ ಪ್ರಾಜೆಕ್ಟಿನಲ್ಲಿ ಪರಿವರ್ತಿಸದೆ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ, ಹಾಡೂ ಓಡತೊಡಗುತ್ತದೆ.

ಕೀಬೋರ್ಡಿನಲ್ಲಿ ನುಡಿಸಿದ ಭಾಗಗಳ ಮಿಡಿ ಫೈಲನ್ನು ಬೇರೆಯಾಗಿ ತೆಗೆಯಿರಿ. ಮಿಡಿಯಲ್ಲಿ ಯಾವ ಸ್ವರ, ಯಾವಾಗ, ಎಷ್ಟು ಒತ್ತಿ ಎಂಬುದಷ್ಟೇ ಇರುತ್ತದೆ; ನಾದ ಇರುವುದಿಲ್ಲ. ಹಾಗಾಗಿ ಅದೇ ಭಾಗದ ವೇವ್ ಕೂಡ ಬೇಕು. ಟೆಂಪೋ ಮತ್ತು ತಾಳವನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಮಿಶ್ರಛಾಪಿನ ಕೃತಿಯನ್ನು ಹಳೆಯದರಲ್ಲಿ 7/8 ಎಂದು ಹೊಂದಿಸಿದ್ದಿರಿ ಎನ್ನೋಣ. ಹೊಸ ಪ್ರಾಜೆಕ್ಟ್ ತಾನಾಗಿ 4/4 ಎಂದುಕೊಂಡೇ ತೆರೆಯುತ್ತದೆ. ಕೇಳುವಾಗ ಏನೂ ಗೊತ್ತಾಗದು, ಮೃದಂಗದ ಒಂದು ಆವರ್ತ ಕತ್ತರಿಸಿ ಬೇರೆ ಕಡೆ ಅಂಟಿಸಲು ಹೋದಾಗ ಗೊತ್ತಾಗುತ್ತದೆ. ಟ್ರ್ಯಾಕಿನ ಹೆಸರುಗಳನ್ನು ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ; ಕನ್ನಡ ಲಿಪಿಯ ಫೈಲ್ ಹೆಸರುಗಳನ್ನು ಎಲ್ಲ ತಂತ್ರಾಂಶಗಳೂ ಸರಿಯಾಗಿ ಓದುವುದಿಲ್ಲ. ಬೇಸರದ ಸಂಗತಿಯೇ.

ಎಎಎಫ್ ಎಂಬ ಹಳೆಯ ವಿನಿಮಯ ಮಾದರಿ ತುಣುಕುಗಳ ಜಾಗ, ಫೇಡ್, ವಾಲ್ಯೂಮ್ ಒಯ್ಯುತ್ತದೆ, ಪ್ಲಗಿನ್ ಒಯ್ಯುವುದಿಲ್ಲ. ಬಿಟ್‌ವಿಗ್ ಮತ್ತು ಪ್ರಿಸೋನಸ್ 2023ರಲ್ಲಿ ತಂದ ಡಾಪ್ರಾಜೆಕ್ಟ್ ಎಂಬ ಮುಕ್ತ ಮಾದರಿ ಪ್ಲಗಿನ್ ಹೊಂದಿಕೆಗಳನ್ನೂ ಒಯ್ಯಬಲ್ಲದು. ಕ್ಯೂಬೇಸ್ 14 ಅದನ್ನು ಓದುತ್ತದೆ. ನಿಮ್ಮ ಎರಡೂ ತಂತ್ರಾಂಶ ಒಪ್ಪಿದರೆ ಬಳಸಿ, ಆದರೆ ವೇವ್ ಫೋಲ್ಡರ್ ಬಿಡಬೇಡಿ.

ಹೊಸದರಲ್ಲಿ ತೆರೆದ ಮೇಲೆ ಪರೀಕ್ಷೆ. ಹಳೆಯದರಿಂದ ಎರಡು ಚಾನೆಲ್ಲಿನ ಪೂರ್ತಿ ಮಿಕ್ಸ್ ಒಂದನ್ನು, ಮಾಸ್ಟರ್ ಎಫೆಕ್ಟ್ ತೆಗೆದು, ಇದಕ್ಕೆಂದೇ ಇಟ್ಟುಕೊಂಡಿರಿ. ಅದನ್ನು ಎಫೆಕ್ಟ್ ಸಮೇತದ ಟ್ರ್ಯಾಕುಗಳ ಪಕ್ಕದಲ್ಲಿ ಹಾಕಿ ಫೇಸ್ ತಿರುಗಿಸುವ ಗುಂಡಿ ಒತ್ತಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿ ಮೌನ ಕೇಳಬೇಕು. ಕೊಳಲು ಮಾತ್ರ ಮೆಲ್ಲಗೆ ಉಳಿದರೆ ಆ ಟ್ರ್ಯಾಕಿನಲ್ಲಿ ಏನೋ ತಪ್ಪಿದೆ. ಮೊನೊ ಟ್ರ್ಯಾಕುಗಳೆಲ್ಲ ಉಳಿದರೆ ಪ್ಯಾನ್ ಲಾ ನೋಡಿ: ನಡುವೆ ಇರುವ ಸದ್ದನ್ನು ಕ್ಯೂಬೇಸ್ ತಾನಾಗಿ 3 ಡೆಸಿಬಲ್ ಇಳಿಸುತ್ತದೆ, ರೀಪರ್ ಇಳಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಬಹುದು. 'ಹೊಸದರ ದನಿ ಬೇರೆ' ಎಂಬ ದೂರಿನ ಹಿಂದೆ ಇಂಥ ಹೊಂದಿಕೆಯೇ ಇರುವುದು ಹೆಚ್ಚು.

ಕಲಿಕೆಗೆ ಹಳೆಯ ಹಾಡು ಬೇಡ. ಒಂದು ತಂಬೂರಿ, ಒಂದು ಕಂಠದ ಸಣ್ಣ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿ. ಹಳೆಯ ಶಾರ್ಟ್‌ಕಟ್‌ಗಳನ್ನೇ ಹೊಸದರಲ್ಲಿ ಹೊಂದಿಸಿಕೊಳ್ಳುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ. ಸ್ಟುಡಿಯೊದಲ್ಲಿ ಕೆಲಸ ಹುಡುಕುವವರು ಅದನ್ನು ಬಳಸಬಾರದು, ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಹೊಂದಿಕೆ ಇರುವುದಿಲ್ಲ.

ಹಳೆಯದನ್ನು ಒಂದು ವರ್ಷವಾದರೂ ಅಳಿಸಬೇಡಿ. ಅದರ ಇನ್‌ಸ್ಟಾಲರ್, ಪರವಾನಗಿಯ ಇಮೇಲ್, ಪಾಸ್‌ವರ್ಡ್, ಡಾಂಗಲ್ ಇದ್ದರೆ ಡಾಂಗಲ್, ಎಲ್ಲವನ್ನೂ ಆ ಡ್ರೈವ್ ಜೊತೆಗೇ ಇಡಿ. ಚಂದಾ ಮಾದರಿಯದಾಗಿದ್ದರೆ ಕೊನೆಯ ತಿಂಗಳು ಮುಗಿಯುವ ಮೊದಲೇ ಎಕ್ಸ್‌ಪೋರ್ಟ್ ಪೂರ್ತಿಯಾಗಿರಬೇಕು. ತಾನಾಗಿ ಹಣ ಕಡಿತವಾಗುವ ಆದೇಶವನ್ನು ರದ್ದು ಮಾಡುವುದು ಆಮೇಲೆ.