ಯುದ್ಧದಲ್ಲಿ ಮಹಿಳೆಯ ಮಾನ ಮತ್ತು ನಮ್ಮ ಹೊಣೆ

ಯುದ್ಧವನ್ನು ಸಾರುವವರು ಅರಸರು. ಅದರ ಬೆಲೆ ತೆರುವವರಲ್ಲಿ ಸ್ತ್ರೀಯರೇ ಮೊದಲಿಗರು. ಇದಕ್ಕೆ ಗಂಗಾವತಿ ಸಮೀಪದ ಆನೆಗೊಂದಿ, ಕುಮ್ಮಟದುರ್ಗಗಳ ಬೆಟ್ಟಗಳೇ ಸಾಕ್ಷಿ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾಉದ್ದೀನನಿಗೆ ಕುಮಾರರಾಮನ ತಂದೆ ಕಂಪಿಲರಾಯ ಆಶ್ರಯ ನೀಡಿದ್ದನು. 1327ರ ಸುಮಾರಿಗೆ ಸುಲ್ತಾನನ ಸೇನೆ ಈ ಸೀಮೆಯನ್ನು ಮುತ್ತಿತು. ಸೋಲು ಖಚಿತವಾದಾಗ ಅರಸನ ಮನೆಯ ಸ್ತ್ರೀಯರು ಬೆಂಕಿಗೆ ಹಾರಿದರೆಂದು ಇಬ್ನ್ ಬತೂತಾ ದಾಖಲಿಸಿದ್ದಾನೆ.

ಸೆರೆಯಾಗುವುದಕ್ಕಿಂತ ಬೆಂಕಿಯೇ ಲೇಸೆಂದು ಅವರಿಗೆ ತೋಚಿದ್ದೇಕೆ? ಗೆದ್ದವನ ಮೇಲೆ ದೂರು ಕೇಳುವ ನ್ಯಾಯಪೀಠವೇ ಅಂದು ಇರಲಿಲ್ಲ. ಮುತ್ತಿದವನು ಮುಸ್ಲಿಮನೆಂಬ ಕಾರಣಕ್ಕೆ ನಾವು ಈ ಪುಟವನ್ನು ಮಗುಚಿ ಹಾಕುವಂತಿಲ್ಲ. ಸ್ವತಃ ತಮಗೆ ಮತ್ತು ಬಂಧುಗಳಿಗೆ ವಿರುದ್ಧವಾಗಿದ್ದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೇ ಸೂಕ್ತದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸಿದ್ದಾನೆ. ಅರಸನ ನಡತೆಯನ್ನು ಧರ್ಮದಿಂದ ಅಳೆಯಬೇಕೇ ಹೊರತು ಧರ್ಮವನ್ನು ಅರಸನ ನಡತೆಯಿಂದಲ್ಲ.

ಆ ಅಳತೆಗೋಲು ಯಾವುದು? ಯುದ್ಧವೊಂದರಲ್ಲಿ ಸ್ತ್ರೀಯೊಬ್ಬಳು ಹತಳಾಗಿದ್ದನ್ನು ಕಂಡು ಪ್ರವಾದಿ(ಸ)ರು ಸ್ತ್ರೀಯರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ನಿಷೇಧಿಸಿದರು. ಖಲೀಫ ಅಬೂಬಕರ್(ರ) ಸಿರಿಯಾಕ್ಕೆ ಹೊರಟ ಸೇನೆಗೂ ಇದನ್ನೇ ವಿಧಿಸಿದರು. ನಮಾಝಿಗೆ ಹೊರಟಿದ್ದ ಮಹಿಳೆಯೊಬ್ಬಳ ಮೇಲೆ ಅತ್ಯಾಚಾರವಾದಾಗ ಪ್ರವಾದಿ(ಸ)ರು ಆಕೆಯ ಅಹವಾಲನ್ನು ಕೇಳಿದರು, ಆಕೆಯನ್ನು ದೋಷಮುಕ್ತಳೆಂದು ಕಳುಹಿಸಿಕೊಟ್ಟರು. ಅಪರಾಧವು ಮಾಡಿದವನ ಕೊರಳಿಗೇ ಸೇರಿತು.

ಲೋಕದ ಕಾನೂನು ಈ ದಿಕ್ಕಿಗೆ ಬಂದದ್ದು ಬಹಳ ತಡವಾಗಿ. ಯುದ್ಧದಲ್ಲಿ ಅತ್ಯಾಚಾರವು ನರಮೇಧದ ಕೃತ್ಯವೂ ಆಗಬಲ್ಲದೆಂದು 1998ರಲ್ಲಿ ರುವಾಂಡಾ ನ್ಯಾಯಮಂಡಳಿ ತೀರ್ಪಿತ್ತಿತು. ಬೋಸ್ನಿಯಾದ ಫೋಚಾ ಪಟ್ಟಣದಲ್ಲಿ 1992ರಲ್ಲಿ ಮುಸ್ಲಿಮ್ ಮಹಿಳೆಯರನ್ನೂ ಬಾಲೆಯರನ್ನೂ ಕೂಡಿಹಾಕಿ ಹಿಂಸಿಸಲಾಗಿತ್ತು. ಅವರು ಹೇಗ್ ನಗರದ ನ್ಯಾಯಮಂಡಳಿಯ ಮುಂದೆ ಹೆಸರು ಮರೆಮಾಡಿಕೊಂಡೇ ಸಾಕ್ಷಿ ನುಡಿದರು. 2001ರ ಫೆಬ್ರವರಿ 22ರಂದು ಮೂವರಿಗೆ 28, 20 ಮತ್ತು 12 ವರ್ಷಗಳ ಸೆರೆವಾಸ ವಿಧಿಸಲಾಯಿತು. ಕಂಪಿಲಿಯ ಸ್ತ್ರೀಯರಿಗೆ ಇಲ್ಲದ ನ್ಯಾಯಪೀಠ ಇವರಿಗೆ ಸಿಕ್ಕಿತು.

ಆದರೆ ತೀರ್ಪಿನಿಂದ ಎಲ್ಲವೂ ಮುಗಿಯುವುದಿಲ್ಲ. ನೊಂದವಳು ಮನೆಗೆ ಮರಳಿದಾಗ ನಾವು ಆಕೆಯನ್ನು ಹೇಗೆ ಕಾಣುತ್ತೇವೆ? ಮಾನ ಹೋಯಿತೆಂದು ಬಾಯಿ ಮುಚ್ಚಿಸಿದರೆ ನಾವೂ ಅಪರಾಧಿಯ ಕೈ ಬಲಪಡಿಸಿದಂತೆ. ಮಾನ ಹೋದದ್ದು ಆಕ್ರಮಿಸಿದವನದು. ಬೋಸ್ನಿಯಾದ ಸಹೋದರಿಗಾಗಿ ಕಣ್ಣೀರಿಡುವ ನಾವು ಕಂಪಿಲಿಯ ಸ್ತ್ರೀಗಾಗಿಯೂ ಅದೇ ನೋವನ್ನು ಉಣ್ಣಬೇಕು. ಪೀಡಿತಳ ಜಾತಿ ಮತವನ್ನು ಕೇಳಿದ ಮೇಲೆ ಮಿಡಿಯುವ ಹೃದಯ ನ್ಯಾಯದ್ದಲ್ಲ, ಪಕ್ಷಪಾತದ್ದು.

ನಮ್ಮವರ ವಿರುದ್ಧವಾದರೂ ಸತ್ಯ ನುಡಿಯುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.