ತನ್ನವರೆಂಬ ಭಾವವೂ ಜೀವಧಾರಣೆಯೂ

'ಬಂಧು' ಎಂಬ ಶಬ್ದವು ಕಟ್ಟು ಎಂಬರ್ಥದ 'ಬಂಧ್' ಧಾತುವಿನಿಂದ ಹುಟ್ಟಿದುದು. ಕಟ್ಟು ಸಡಿಲಿದಲ್ಲಿ ಬಂಧುತ್ವವು ಹೆಸರಿಗಷ್ಟೇ ಉಳಿಯುತ್ತದೆ. ಆತ್ಮಹತ್ಯೆಯನ್ನು ವ್ಯಕ್ತಿಯ ಮನೋದೌರ್ಬಲ್ಯವೆಂದು ಮಾತ್ರ ಬಗೆಯುವುದುಂಟು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ ಅವರು ೧೮೯೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಟ್ಟಿನ ಕಡೆಗೇ ಬೆರಳು ತೋರಿದರು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಅವರು ೨೦೦೫ರಲ್ಲಿ ಇದನ್ನೇ ಇನ್ನಷ್ಟು ಸೂಕ್ಷ್ಮವಾಗಿ ವಿವೇಚಿಸಿದರು. 'ನಾನು ಯಾರಿಗೂ ಸೇರಿದವನಲ್ಲ' ಎಂಬುದೊಂದು, 'ನನ್ನವರಿಗೆ ನಾನು ಹೊರೆ' ಎಂಬುದಿನ್ನೊಂದು. ಈ ಎರಡು ಭಾವಗಳು ಕೂಡಿದಲ್ಲಿ ಸಾವಿನ ಬಯಕೆ ತಲೆದೋರುತ್ತದೆಂಬುದು ಅವರ ಮತ.

ಇವು ಭಾವಗಳೇ ಹೊರತು ವಸ್ತುಸ್ಥಿತಿಯಲ್ಲವೆಂಬುದನ್ನು ಲಕ್ಷಿಸಬೇಕು. ಪ್ರೀತಿಸುವವರು ಮನೆತುಂಬ ಇದ್ದರೂ, ಆ ಪ್ರೀತಿ ತನಗೆ ಮುಟ್ಟದವನು ಒಂಟಿಯೇ ಸರಿ. ದಬ್ಬೇಘಟ್ಟದ ಸೀಮೆಯವರಿಗೆ ಇದಕ್ಕೆ ದೂರದ ದೃಷ್ಟಾಂತ ಬೇಡ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿ ಹೊರನೋಟಕ್ಕೆ ಇಡಿಯಾಗಿಯೇ ಇರುತ್ತದೆ. ಒಳಗಿನ ಕೊಬ್ಬರಿ ಮಾತ್ರ ಕರಟದಿಂದ ಬಿಟ್ಟಿರುತ್ತದೆ. ಕೈಗೆತ್ತಿಕೊಂಡು ಅಲುಗಿಸಿ ಕಿವಿಗೊಟ್ಟವನಿಗೇ ಅದು ತಿಳಿಯುವುದು. ಉಪಮೆ ಇಷ್ಟಕ್ಕೇ ನಿಲ್ಲಲಿ. ಕೊಬ್ಬರಿಗೆ ಹಾಗೆ ಬಿಡುವುದೇ ಪಾಕ, ಮನುಷ್ಯನಿಗಲ್ಲ.

೨೦೨೩ರಲ್ಲಿ ಉಂಡೆ ಕೊಬ್ಬರಿಯ ಧಾರಣೆಯು ಕ್ವಿಂಟಾಲಿಗೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಗಿಂತಲೂ ಕೆಳಗಿಳಿದಿತ್ತು. ಅಂತಹ ವರ್ಷದಲ್ಲಿ ಸಾಲವು ಲೆಕ್ಕದ ಪುಸ್ತಕದಲ್ಲಷ್ಟೇ ನಿಲ್ಲದು. ದುಡಿದು ಹಾಕುವುದರಿಂದಲೇ ತನಗೆ ಬೆಲೆಯೆಂದು ನಂಬಿದ ಗೃಹಸ್ಥನು ಮನೆಯ ಪಂಕ್ತಿಯಲ್ಲಿ ಉಣ್ಣುವುದಕ್ಕೂ ಸಂಕೋಚಪಡತೊಡಗುತ್ತಾನೆ. ಮದುವೆ, ಜಾತ್ರೆಗಳಿಗೆ ಹೋಗುವುದನ್ನು ಬಿಡುತ್ತಾನೆ. 'ನಾನಿಲ್ಲದಿದ್ದರೆ ನಿಮಗೆಲ್ಲ ಸುಖ' ಎಂದು ಅವನಾಡಿದ ಮಾತನ್ನು ಮನೆಯವರು ಕೋಪದ ಮಾತೆಂದು ತಳ್ಳಿಹಾಕುವುದೇ ಹೆಚ್ಚು. ಅದು ಅವನ ಮನಸ್ಸಿನಲ್ಲಿ ಬೇರೂರಿದ ನಂಬಿಕೆಯೇ ಆಗಿರಬಹುದು. ಹಾಗೆಂದು, ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಪ್ರೀತಿಯಿರಲಿಲ್ಲವೆಂದು ಆಡಿಕೊಳ್ಳುವುದು ಅನ್ಯಾಯ. ರೋಗ, ಮದ್ಯ, ಸಾಲ, ಖಿನ್ನತೆಗಳೂ ಇಲ್ಲಿ ಹೆಣೆದುಕೊಂಡಿರುತ್ತವೆ.

ಪ್ರೀತಿಯನ್ನು ಮುಟ್ಟಿಸುವುದೆಂತು? ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಚೆನ್ನೈಯೂ ಸೇರಿದಂತೆ ಐದು ಕಡೆ ನಡೆದು, ೨೦೦೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ನೀಡುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಬದುಕಿದ ೧,೮೬೭ ಜನರಲ್ಲಿ ಒಂದು ಗುಂಪಿನವರೊಡನೆ ಸುಮಾರು ಒಂದು ಗಂಟೆ ಮಾತನಾಡಿ, ಮುಂದೆ ೧೮ ತಿಂಗಳು ದೂರವಾಣಿಯಿಂದಲೋ ಭೇಟಿಯಿಂದಲೋ ಆಗಾಗ ಕ್ಷೇಮ ವಿಚಾರಿಸಲಾಯಿತು. ಆ ಅವಧಿಯಲ್ಲಿ ಅವರಲ್ಲಿ ಆತ್ಮಹತ್ಯೆಯಿಂದ ಮಡಿದವರು ನೂರಕ್ಕೆ ೦.೨, ವಾಡಿಕೆಯ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ೨.೨. ಕೇಳಿದ್ದು ಕ್ಷೇಮವನ್ನು ಮಾತ್ರ. ಆದರೆ ಮತ್ತೆ ಮತ್ತೆ ಕೇಳಲಾಯಿತು.

'ಸಾಯುವ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಾವೇ ಬಿತ್ತಿದಂತಾದೀತೆಂಬ ಭಯ ಹಲವರಿಗಿದೆ. ಅದು ಆಧಾರವಿಲ್ಲದ ಭಯ. ಕೇಳಿದವರಿಗೆ ಮುಂದೇನೆಂದು ತೋಚದಿದ್ದಲ್ಲಿ, ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ನೊಂದವರೂ ಕರೆಯಬಹುದು, ಅವರ ಮನೆಯವರೂ ಕರೆಯಬಹುದು.