ಕೈಕೆಳಗಿನ ಎಂಜಿನಿಯರನ್ನು ಮುಂದಾಳಾಗಿ ಬೆಳೆಸುವುದು ಹೇಗೆ?

ರಾಯಚೂರು ಬಳಿಯ ದೇವಸುಗೂರಿನಲ್ಲಿ ಒಂದು ಕಡೆ ಸೂಗೂರೇಶ್ವರನ ಗುಡಿ, ಇನ್ನೊಂದು ಕಡೆ ಶಕ್ತಿನಗರದ ಚಿಮಣಿಗಳು, ಪಕ್ಕದಲ್ಲೇ ಕೃಷ್ಣೆ. ಆರ್‌ಟಿಪಿಎಸ್ ಎಂದೇ ಜನ ಕರೆಯುವ ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಮುಂದೆ 210 ಮೆಗಾವಾಟ್‌ನ ಏಳು, 250ರ ಒಂದು ಸೇರಿ 1720 ಮೆಗಾವಾಟ್ ಆಯಿತು. ಇಂಥ ಸ್ಥಾವರದಲ್ಲಿ ನೀವು ಹೊಸದಾಗಿ ವಿಭಾಗದ ಮುಖ್ಯಸ್ಥರಾಗಿದ್ದೀರಿ, ಕೈಕೆಳಗೆ ಹತ್ತು ಹನ್ನೆರಡು ಎಂಜಿನಿಯರ್‌ಗಳಿದ್ದಾರೆ ಎಂದುಕೊಳ್ಳಿ. ಕೆಲಸ ಎಲ್ಲಿಂದ ಶುರುಮಾಡಬೇಕು?

ಹಂತ 1: ಪಾಳಿ ಬದಲಾಗುವಾಗ ಹೋಗಿ ನಿಲ್ಲಿ

ಮೊದಲ ತಿಂಗಳು ಮೀಟಿಂಗ್ ಕರೆಯುವ ಅವಸರ ಬೇಡ. ರಾತ್ರಿ ಪಾಳಿಯವರು ಬೆಳಗಿನವರಿಗೆ ಕೆಲಸ ಒಪ್ಪಿಸುವ ಹೊತ್ತಿಗೆ ಕಂಟ್ರೋಲ್ ರೂಮಿಗೆ ಹೋಗಿ, ಸುಮ್ಮನೆ ಕೇಳಿಸಿಕೊಳ್ಳಿ. ಒಬ್ಬ ಲಾಗ್ ಬುಕ್ ಮುಂದೆ ತಳ್ಳಿ ಸಹಿ ಮಾಡಿ ಹೊರಟುಬಿಡುತ್ತಾನೆ. ಇನ್ನೊಬ್ಬಳು ಬ್ಯಾಗು ಹೆಗಲಿಗೇರಿಸಿದ ಮೇಲೂ ತಿರುಗಿ ಬಂದು, “ಸಿ ಮಿಲ್ ಸದ್ದು ಬ್ಯಾರೆನೇ ಬರ್ಲಿಕತ್ತದ್ರಿ, ಸ್ವಲ್ಪ ನೋಡ್ಕೋರಿ” ಅನ್ನುತ್ತಾಳೆ. ಕಲ್ಲಿದ್ದಲು ಪುಡಿಮಾಡುವ ಆ ಮಿಲ್ಲಿನ ರೀಡಿಂಗ್ ಎಲ್ಲ ಸರಿಯಿದೆ, ಪುಸ್ತಕದಲ್ಲಿ ಬರೆಯುವಂಥದ್ದೇನೂ ಇಲ್ಲ. ಆದರೂ ಆಕೆಗೆ ಮನಸ್ಸು ತಡೆಯಲಿಲ್ಲ. ನಿಷ್ಠೆ ಅಂದರೆ ಇದೇ. ನಿಮ್ಮ ಚೇಂಬರಿಗೆ ಬಂದು ಸಹೋದ್ಯೋಗಿಗಳ ಸುದ್ದಿ ಹೇಳುವವರನ್ನು ನಿಷ್ಠಾವಂತರೆಂದು ತಿಳಿಯಬೇಡಿ.

ಹಂತ 2: ಒಂದು ಇಡೀ ಕೆಲಸ ವಹಿಸಿ

ಚೂರುಪಾರು ಕೆಲಸ ಕೊಟ್ಟರೆ ಯಾರೂ ಬೆಳೆಯುವುದಿಲ್ಲ. ಬಾಯ್ಲರ್ ಟ್ಯೂಬ್ ಸೋರಿತು ಅನ್ನಿ. ಘಟಕ ನಿಲ್ಲಿಸಬೇಕು, ಬಾಯ್ಲರ್ ತಣಿಯುವವರೆಗೆ ಕಾಯಬೇಕು, ಒಳಗೆ ಇಳಿದು ಸೋರಿದ ಜಾಗ ಹುಡುಕಿ, ಕತ್ತರಿಸಿ, ಹೊಸ ತುಂಡು ಬೆಸೆಯಬೇಕು. ಬೆಸುಗೆ ಪರೀಕ್ಷಿಸಿ, ನೀರು ತುಂಬಿ ಒತ್ತಡ ಕೊಟ್ಟು ನೋಡಿ, ಆಮೇಲೆ ಲೈಟ್ ಅಪ್. ಟರ್ಬೈನ್ ನಿಮಿಷಕ್ಕೆ 3000 ಸುತ್ತಿಗೆ ಬಂದು ಗ್ರಿಡ್‌ಗೆ ಸೇರುವವರೆಗೆ ಇದೆಲ್ಲ ಒಂದೇ ಕೆಲಸ. ಮೂರು ನಾಲ್ಕು ವರ್ಷ ಅನುಭವವಿರುವ ಒಬ್ಬರ ಹೆಸರು ಹೇಳಿ, ವರ್ಕ್ ಪರ್ಮಿಟ್‌ನಿಂದ ಗ್ರಿಡ್‌ವರೆಗೆ ಅವರಿಗೇ ಬಿಡಿ. ಯಾವ ವಿಷಯಕ್ಕೆ ನಿಮ್ಮನ್ನು ಕೇಳಲೇಬೇಕು ಎಂಬುದನ್ನು ಮೊದಲೇ ಹೇಳಿಡಿ. ಸುರಕ್ಷತೆಯ ನಿಯಮ ಸಡಿಲಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ, ನಿಮಗೂ ಇಲ್ಲ. ಮಧ್ಯೆ ಮೇಲಿನವರು ಫೋನ್ ಮಾಡಿ “ಎಷ್ಟೊತ್ತಿಗೆ ಶುರುವಾಗುತ್ತೆ?” ಎಂದು ಕೇಳಿದರೆ ಉತ್ತರ ನೀವು ಕೊಡಿ; ಆ ಒತ್ತಡ ಬಾಯ್ಲರ್ ಬಳಿ ನಿಂತವರ ತಲೆಗೆ ಹೋಗಬಾರದು.

ಹಂತ 3: ತಪ್ಪಾದ ದಿನ

ಇದೇ ಎಲ್ಲಕ್ಕಿಂತ ಕಷ್ಟದ್ದು. ನಿಮ್ಮವರೊಬ್ಬರು ತಪ್ಪು ವಾಲ್ವ್ ಮುಚ್ಚಿ ಘಟಕ ಟ್ರಿಪ್ ಆಯಿತೆನ್ನಿ. ಎಲ್ಲರೆದುರು ಬೈದರೆ ಮುಂದಿನ ತಪ್ಪು ನಿಮ್ಮ ಕಿವಿಗೆ ಬೀಳುವುದೇ ಇಲ್ಲ, ಮುಚ್ಚಿಟ್ಟ ತಪ್ಪು ಸ್ಥಾವರದಲ್ಲಿ ಜೀವ ತೆಗೆಯಬಲ್ಲದು. ಮೇಲಧಿಕಾರಿಗಳ ಮುಂದೆ “ವಿಭಾಗ ನನ್ನದು, ಜವಾಬ್ದಾರಿಯೂ ನನ್ನದೇ” ಅನ್ನಿ. ನಡೆದದ್ದನ್ನು ವರದಿಯಲ್ಲಿ ನಡೆದಂತೆಯೇ ಬರೆಯಿರಿ. ಮರುದಿನ ಅವರನ್ನು ಒಬ್ಬರನ್ನೇ ಕರೆದು, ಚಹಾ ತರಿಸಿ, “ಆ ಗಳಿಗೆಯಲ್ಲಿ ನಿಮಗೆ ಏನು ಕಾಣಿಸಿತ್ರಿ?” ಎಂದು ಕೇಳಿ. ಎಷ್ಟೋ ಸಲ ವಾಲ್ವಿನ ಮೇಲಿನ ಫಲಕವೇ ಮಾಸಿಹೋಗಿರುತ್ತದೆ. ಹಾಗಿದ್ದರೆ ಅದನ್ನು ಅದೇ ವಾರ ಬದಲಿಸಿ.

ಹಂತ 4: ವರ್ಗಾವಣೆಯ ಮಾತು ನೀವೇ ಎತ್ತಿ

ರಾಯಚೂರಿನ ಬಿಸಿಲಿಗೆ ಬಂದ ಎಷ್ಟೋ ಜನರ ಕಣ್ಣು ಬೆಂಗಳೂರಿನ ಕಡೆಗೇ ಇರುತ್ತದೆ. ಅದು ದ್ರೋಹವಲ್ಲ, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇರಬಹುದು. “ಎರಡು ವರ್ಷ ಇರ್ರಿ, ಅಷ್ಟರೊಳಗೆ ಬಾಯ್ಲರ್, ಟರ್ಬೈನ್, ಕಲ್ಲಿದ್ದಲು, ಬೂದಿ ಎಲ್ಲ ವಿಭಾಗ ಕಲಿಸ್ತೀನಿ, ಆಮೇಲೆ ನಾನೇ ಶಿಫಾರಸು ಬರೀತೀನಿ” ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ದೇವದುರ್ಗ, ಮಾನ್ವಿ ಕಡೆಯ ಮಕ್ಕಳೂ ಎಂಜಿನಿಯರ್ ಆಗಿ ಬರುತ್ತಾರೆ. ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಉದ್ಯೋಗದ ಬಾಗಿಲು ಅಗಲ ಮಾಡಿದೆ. ಮುಂದೆ ಇಲ್ಲೇ ಉಳಿಯುವವರಲ್ಲಿ ಹೆಚ್ಚಿನವರು ಅವರೇ ಆದ್ದರಿಂದ, ಕಲಿಸುವ ಸರದಿಯಲ್ಲಿ ಅವರನ್ನು ಹಿಂದೆ ನಿಲ್ಲಿಸಬೇಡಿ. ಜಾತ್ರೆಗೆ ರಜೆ ಕೇಳಿದರೆ ಪಾಳಿ ಹೊಂದಿಸಿ ಕೊಡಿ.

ಹಂತ 5: ಒಂದು ವಾರ ರಜೆ ಹಾಕಿ

ನಿಮ್ಮ ಕುರ್ಚಿಯನ್ನು ಆದೇಶ ಹೊರಡಿಸಿಯೇ ಒಬ್ಬ ಕಿರಿಯರಿಗೆ ವಹಿಸಿ ಊರಿಗೆ ಹೋಗಿ. ನೀವಾಗಿ ಫೋನ್ ಮಾಡಬೇಡಿ. ವಾಪಸ್ ಬಂದ ಬೆಳಿಗ್ಗೆ ಮತ್ತೆ ಪಾಳಿ ಬದಲಾಗುವ ಹೊತ್ತಿಗೇ ಕಂಟ್ರೋಲ್ ರೂಮಿಗೆ ಹೋಗಿ ನಿಲ್ಲಿ. ಸಿ ಮಿಲ್ಲಿನ ಸದ್ದಿನ ಬಗ್ಗೆ ಹೇಳಲು ಪಾಳಿಯವರು ಮೊದಲು ಯಾರ ಕಡೆ ತಿರುಗುತ್ತಾರೆ, ನೋಡಿ.